ಪೇಪರ್ ಕವರಿನೊಳಗಿನ ಕಾದಂಬರಿ

ಈ ತೆಲುಗು ಊರಿನ ಕನ್ನಡ ಸಂಘದ ಸಭೆಗಳಲ್ಲಿ ನಾನು ಗಂಭೀರ ಕಾದಂಬರಿಗಳ ಬಗ್ಗೆಯೇ ಮಾತಾಡುವವಳು. ಪತ್ತೇದಾರಿ ಕಾದಂಬರಿ ಓದುವುದೇನಿದ್ದರೂ ಬಸ್ಸಿನಲ್ಲಿ, ಅದಕ್ಕೆ ಹಳೇ ಪೇಪರಿನ ಕವರ್ ಹಾಕಿಕೊಂಡು.

ಅವತ್ತು ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಪುಸ್ತಕ ತೆರೆದಾಗ, ಸೀರೆಯ ಅಂಚಿಗೆಲ್ಲ ಸಿಮೆಂಟು ಮೆತ್ತಿದ್ದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಳು.

"ಕನ್ನಡ ಬುಕ್ಕೇನ್ರಿ ಅಕ್ಕಾರ? ಯಾವ ಕಥಿರಿ?"

"ದೊಡ್ಡ ತತ್ವಜ್ಞಾನದ ಕಾದಂಬರಿ. ನಿನಗ ತಿಳಿಯಂಗಿಲ್ಲ ಬಿಡವಾ," ಎಂದುಬಿಟ್ಟೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಕೈಯಲ್ಲಿದ್ದ ಪುಟದತ್ತ ಬಾಗಿ, ತುಟಿ ಅಲುಗಿಸುತ್ತ ನಾಲ್ಕು ಸಾಲು ಓದಿದಳು. ಮುಖ ಅರಳಿತು.

"ಇದು ನಾ ಓದೀನ್ರಿ, ನಮ್ಮೂರ ಲೈಬ್ರರಿಯಾಗ! ಡಾಕ್ಟರ್ ಹೆಣಾ ಬಾವ್ಯಾಗ ಸಿಗತೈತಲ್ರಿ, ಅದ ಇದು. ಕೊಂದಾವ್ರು ಯಾರಂತ ಹೇಳಂಗಿಲ್ಲ ಬಿಡ್ರಿ, ನಿಮಗ ಓದೋ ಮಜಾ ಹೋಗತೈತಿ."

ನಾನು ಪುಸ್ತಕ ಮುಚ್ಚಿ ಬ್ಯಾಗಿಗೆ ತುರುಕಿದೆ. ನನ್ನ ಸುಳ್ಳನ್ನು ಕೆದಕದೆ ಅವಳು "ಬರ್ತೀನ್ರಿ ಅಕ್ಕಾರ" ಎಂದು ನಗುತ್ತ ತನ್ನ ಸ್ಟಾಪಿನಲ್ಲಿ ಇಳಿದಳು.

ಫುಟ್‌ಪಾತಿನಲ್ಲಿ ಕೊಂಡಿದ್ದ ಆ ಪುಸ್ತಕದ ಕೊನೆಯ ಪುಟಗಳು ಹರಿದುಹೋಗಿದ್ದವು. ಅದು ನನಗೆ ಮೊದಲೇ ಗೊತ್ತಿತ್ತು. ಹೇಳಬಲ್ಲವಳು ಪಕ್ಕದಲ್ಲೇ ಕೂತಿದ್ದರೂ ಕೇಳಲು ಬಾಯಿ ಬರಲಿಲ್ಲ. ಕೊಂದವರು ಯಾರೆಂದು ಇವತ್ತಿಗೂ ತಿಳಿಯದವಳು ನಾನೇ.