ಆಯಿ ಕೊಟ್ಟ ಎರಡು ಚಮಚ ದ್ರಾಕ್ಷಾಸವ

ಲೋಟ ಕೆಳಗಿಟ್ಟವಳೇ ಅಕ್ಕ ತುಟಿ ಒರೆಸಿಕೊಂಡು, ಬೆರಳು ಮೂಸಿ ನೋಡಿದಳು.

"ಆಯಿ, ಇದೇನ್ ಕೊಟ್ಟಿ ನನಗ?"

"ದ್ರಾಕ್ಷಾಸವ. ಎರಡ ಚಮಚಾ ಬಿಸಿನೀರಾಗ ಹಾಕೇನಿ. ಎಷ್ಟ ಕೆಮ್ಮಾಕತ್ತಿ ನೋಡ."

ಅಕ್ಕ ತಟ್ಟನೆ ಗೋಡೆ ಗಡಿಯಾರ ನೋಡಿದಳು.

ಆಯಿ ಅಂದ್ರೆ ನಮ್ಮ ಅಜ್ಜಿ. ಅಕ್ಕ ಅಂದ್ರೆ ಕಾಕಾನ, ಅಂದ್ರೆ ಚಿಕ್ಕಪ್ಪನ ಮಗಳು, ಪೈಲಟ್. ಏರ್‌ಲೈನ್ ಸೇರಿ ಇನ್ನೂ ವರ್ಷ ಆಗಿಲ್ಲ. ನಾನು ಫಸ್ಟ್ ಇಯರ್ ಇಂಜಿನಿಯರಿಂಗ್. ಚಿಕ್ಕವಳಿದ್ದಾಗಿಂದ ಹಾಸ್ಟೆಲ್‌ನಲ್ಲೇ ಬೆಳೆದೆ, ಹಾಗಾಗಿ ನನ್ನ ಕನ್ನಡ ಕೇಳಿ ಮನೆಯಲ್ಲಿ ಎಲ್ಲರೂ ನಗ್ತಾರೆ. ನೀವೂ ನಗಬಹುದು...

ಇಬ್ಬರೂ ರಜೆಗೆ ನಮ್ಮೂರು ಶಿರಗುಪ್ಪಿಗೆ ಬಂದಿದ್ವಿ. ಅವತ್ತು ಸಂಜೆ ಅಕ್ಕನಿಗೆ ಪುಣೆಯಲ್ಲಿ ಡ್ಯೂಟಿ. ಬೆಳಗ್ಗೆ ಊಟ ಮುಗಿಸಿದ ತಕ್ಷಣ ಹೊರಡೋದು ಅಂತ ಬ್ಯಾಗ್ ಆಗಲೇ ಕಾರಿನಲ್ಲಿತ್ತು.

ನನಗೆ ಮೊದಲು ತಲೆಗೇ ಹೋಗಲಿಲ್ಲ. ಔಷಧ ತಾನೇ?

ಅಕ್ಕ ನನ್ನನ್ನ ಅಂಗಳಕ್ಕೆ ಎಳ್ಕೊಂಡು ಹೋಗಿ ಮೆಲ್ಲಗೆ ಹೇಳಿದಳು. ಆಸವ ಅಂದ್ರೆ ದ್ರಾಕ್ಷಿ, ಬೆಲ್ಲ ಎಲ್ಲ ಹಾಕಿ ದಿನಗಟ್ಟಲೆ ಹುದುಗಿಸಿದ್ದು. ಹುದುಗಿದಾಗ ಅದರೊಳಗೆ ಆಲ್ಕೋಹಾಲ್ ತಾನಾಗೇ ಹುಟ್ಟುತ್ತೆ. ಪೈಲಟ್‌ಗಳು ಡ್ಯೂಟಿಗೆ ಹನ್ನೆರಡು ತಾಸು ಮೊದಲಿನಿಂದ ಅದನ್ನ ಮುಟ್ಟೋ ಹಾಗಿಲ್ಲ. ಮೌತ್‌ವಾಶ್ ಕೂಡ ಬಳಸೋ ಹಾಗಿಲ್ಲ. ಅದೂ ಅಲ್ಲದೆ ಡ್ಯೂಟಿಗೆ ಮೊದಲು ಉಸಿರು ಪರೀಕ್ಷೆ ಮಾಡೋ ಮೆಷಿನ್ ಊದಬೇಕು, ಸೊನ್ನೆನೇ ಬರಬೇಕು.

ಡ್ಯೂಟಿಗೆ ಹತ್ತು ತಾಸೂ ಉಳಿದಿರಲಿಲ್ಲ.

ನಾನು ಮೊದಲೇ ಭಯದ ಪ್ರಾಣಿ. ಲ್ಯಾಬ್ ವೈವಾ ಅಂದ್ರೆ ಊಟ ಬಿಡೋಳು. ಆದ್ರೂ ಅವತ್ತು ಧೈರ್ಯ ಹೇಳೋಕೆ ಹೋದೆ. ಎರಡೇ ಚಮಚ, ಸಂಜೆ ಊದಿದ್ರೆ ಸೊನ್ನೆ ಬಂದೇ ಬರುತ್ತೆ ಅಲ್ವಾ ಅಕ್ಕ?

"ಬರ್ತೈತಿ," ಅಂದಳು. "ಪುಣೆ ಮುಟ್ಟೋದ್ರಾಗ ಎಲ್ಲಾ ಹೋಗಿರ್ತೈತಿ."

"ಮತ್ತೆ?"

"ಮತ್ತೇನ್ ಮತ್ತ. ಕುಡದದ್ದ ಖರೇ ಐತಿ. ಹನ್ನೆರಡ ತಾಸ ಆಗಂಗಿಲ್ಲ."

ಅಷ್ಟೇ. ಅಲ್ಲೇ ಟ್ರ್ಯಾಕ್ಟರ್ ಪಕ್ಕ ನಿಂತು ಆಫೀಸಿಗೆ ಫೋನ್ ಮಾಡಿ, ಆಗಿದ್ದನ್ನ ಆಗಿದ್ದ ಹಾಗೆ ಹೇಳಿಬಿಟ್ಟಳು. ಇವತ್ತು ಬರೋಕಾಗಲ್ಲ, ಬೇರೆಯವರನ್ನ ಕರೀರಿ. ದನಿ ನಡುಗಲಿಲ್ಲ. ಆದ್ರೆ ಖಾಲಿ ಕೈಯಿಂದ ಟ್ರ್ಯಾಕ್ಟರಿನ ಟೈರಿಗೆ ಅಂಟಿದ್ದ ಒಣಮಣ್ಣು ಕೀಳ್ತಾನೇ ಇದ್ದಳು.

ಆ ಕಡೆಯವರು ಸೋಮವಾರ ಆಫೀಸಿಗೆ ಬಂದು ಮಾತಾಡಿ ಅಂದರಂತೆ. ಕೆಲಸಕ್ಕೆ ಹೊಸಬಳು. ಆ ಮಾತಿಗೆ ಏನೇನು ಅರ್ಥ ಇರಬಹುದು ಅಂತ ಅವಳಿಗೂ ಗೊತ್ತಿರಲಿಲ್ಲ.

ಕಾರಿನ ಕೀಲಿ ತಿರುಗಿಸ್ತಾ ಬಂದ ಕಾಕಾಗೆ ವಿಷಯ ಕೇಳಿ ತಲೆ ಕೆಟ್ಟಿತು.

"ದ್ರಾಕ್ಷಿ ಔಷಧಕ್ಕ ಯಾರರ ದಾರೂ ಅಂತಾರೇನ? ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ಒಳಗ ಬರಂಗಿಲ್ಲ, ಈಕಿ ನೋಡಿದ್ರ ದಾರೂ ಕುಡದೇನಿ ಅಂತ ಊರಿಗೆಲ್ಲಾ ಫೋನ್ ಮಾಡಾಕತ್ತಾಳ! ಹಾಸ್ಟೆಲ್ ಮೇಡಂ, ನೀ ಆದ್ರೂ ಹೇಳಬಾರದೇನ?"

"ಪಪ್ಪಾ, ಮೆಲ್ಲಕ..." ಅಂದಳು ಅಕ್ಕ.

ತಡವಾಗಿತ್ತು. ಬಾಗಿಲಲ್ಲಿ ಆಯಿ ನಿಂತಿದ್ದಳು. ಕೈಯಲ್ಲಿ ಅಕ್ಕನಿಗೆ ಅಂತ ಕಟ್ಟಿದ್ದ ಶೇಂಗಾ ಹೋಳಿಗೆ ಡಬ್ಬಿ.

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮದು ಜೈನರ ಮನೆ, ಈರುಳ್ಳಿ ಕೂಡ ತರಲ್ಲ. ಆಯಿ ಮುನಿ ಮಹಾರಾಜರ ಮುಂದೆ ನೇಮ ತಗೊಂಡವಳು. ಮದ್ಯ, ಮಾಂಸ, ಜೇನು... ಮೂರೂ ಸಾಯೋವರೆಗೆ ಬಿಟ್ಟಿದ್ದು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ತಿನ್ನಲ್ಲ. ಅದೇ ಆಯಿ, ಹಸಿವಾಗಲಿ ಅಂತ ಅಥಣಿ ವೈದ್ಯರು ಹೇಳಿದ ದ್ರಾಕ್ಷಾಸವವನ್ನ ದಿನಾ ಊಟ ಆದಮೇಲೆ ಕುಡೀತಿದ್ದಳು. ವರ್ಷಗಳಿಂದ. ಜೇನು ಹಾಕಿಲ್ಲ ತಾನೇ ಅಂತ ಪ್ರತಿಸಲ ಕೇಳಿ ತರಿಸ್ತಿದ್ದಳು. ಇನ್ನೊಂದನ್ನ ಕೇಳ್ಬೇಕು ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಆಯಿ ಡಬ್ಬಿ ಕಟ್ಟೆ ಮೇಲಿಟ್ಟು ಒಳಗೆ ಹೋದಳು.

ಕಾಕಾ ಕೀಲಿ ಕಿಸೆಗೆ ಹಾಕ್ಕೊಂಡು, ಕೆಲಸ ಇಲ್ಲದಿದ್ರೂ ಕಬ್ಬಿನ ಹೊಲದ ಕಡೆ ನಡೆದರು.

ಆಮೇಲೆ ಅಡುಗೆಮನೆಯಲ್ಲಿ ನೋಡಿದ್ರೆ ಆಯಿ ದ್ರಾಕ್ಷಾಸವವನ್ನ ಚೆಲ್ಲಿ, ಬಾಟ್ಲಿಗೆ ಬೂದಿ ಹಚ್ಚಿ ತಿಕ್ತಾ ಇದ್ದಳು. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ನಾನು ಬಾಗಿಲಲ್ಲೇ.

"ಆಯಿ, ಅದು ಔಷಧ. ನಿನ್ನ ನೇಮ ಏನೂ ಮುರದಿಲ್ಲ. ನಿನಗ ಗೊತ್ತಿರಲಿಲ್ಲಲ್ಲ."

ಆಯಿ ತಿಕ್ಕೋದು ನಿಲ್ಲಿಸಲಿಲ್ಲ.

"ನಿನಗರ ಎಲ್ಲಿ ಗೊತ್ತಿತ್ತ ಯವ್ವಾ? ಮತ್ತ ನೀ ಯಾಕ ಮನ್ಯಾಗ ಕುಂತಿ?"

ಅಕ್ಕ ಒಂದು ಚಿಟಿಕೆ ಬೂದಿ ತಗೊಂಡು ಬಾಟ್ಲಿಯ ಮುಚ್ಚಳ ತಿಕ್ಕೋಕೆ ಶುರು ಮಾಡಿದಳು.

ಆ ಸಂಜೆ ಹೊತ್ತು ಮುಳುಗೋ ಮೊದಲು ಎಲ್ಲರೂ ಊಟಕ್ಕೆ ಕೂತ್ವಿ. ಆಯಿ ಬಡಿಸಿದಳು, ತಾನು ಕೂರಲಿಲ್ಲ. ಇವತ್ತೇನ್ ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ, ಎಂಥಾ ಉಪವಾಸ ಅಂತ ಕಾಕಾ ಕೇಳಿದರು.

"ಆಕಿ ವಿಮಾನಾ ಬಿಟ್ಟ ಕುಂತಾಳ," ಅಂದಳು ಆಯಿ. "ನಾ ಒಂದ ಊಟಾ ಬಿಟ್ರ ಏನಾತು?"

ಅಕ್ಕ ತಲೆ ಬಗ್ಗಿಸಿ ರೊಟ್ಟಿ ಮುರೀತಾನೇ ಇದ್ದಳು, ತಿನ್ನಲಿಲ್ಲ.

ಸೋಮವಾರ ಅಕ್ಕ ಹೋಗಿ ಮಾತಾಡಿ ಬಂದಳು. ಬಹಳ ಹೊತ್ತು ಪ್ರಶ್ನೆ ಕೇಳಿದರಂತೆ, ಮುಂದೆ ಮನೆಮದ್ದು ಕೂಡ ವಿಚಾರಿಸಿ ತಗೋ ಅಂದರಂತೆ. ಮತ್ತೆ ಡ್ಯೂಟಿ ಸಿಕ್ಕಿದೆ. ಈಗ ಪ್ರತಿಸಲ ಹೊರಡೋ ಮೊದಲು ಆಯಿಗೆ ಒಂದು ಫೋನ್ ಮಾಡ್ತಾಳೆ.

ಇದನ್ನ ಹಾಸ್ಟೆಲ್ ರೂಮಿನಲ್ಲಿ ಕೂತು ಬರೀತಿದ್ದೀನಿ. "ಯಾರಿಗೆ ಗೊತ್ತಾಗುತ್ತೆ ಬಿಡೇ" ಅನ್ನೋದು ಇಲ್ಲಿ ನಾವು ದಿನಾ ಹೇಳೋ ಮಾತು. ಈಗ ಅದು ಬಾಯಿಗೆ ಬಂದ್ರೆ ಬೂದಿ ಹಚ್ಚಿದ ಆ ಬಾಟ್ಲಿ ಕಣ್ಣ ಮುಂದೆ ಬರುತ್ತೆ...

ಅಂದಹಾಗೆ ದ್ರಾಕ್ಷಾಸವ ಬಿಟ್ಟಾಗಿಂದ ಆಯಿಗೆ ಸರಿಯಾಗಿ ಹಸಿವೇ ಆಗ್ತಿಲ್ಲ. ಜೇನು ಹಾಕದ, ಹುದುಗಿಸದ ಔಷಧ ಯಾವುದಾದ್ರೂ ನಿಮಗೆ ಗೊತ್ತಿದ್ರೆ ಹೇಳ್ತೀರಾ?