ಒತ್ತು ಬೀಳುವುದು ‘ಕೋ’ ಮೇಲೆ

ತೊಂಬತ್ತರ ದಶಕದ ಕೊನೆಯ ವರ್ಷಗಳು. ತಂಗಿ ಹುಬ್ಬಳ್ಳಿಯ ನಮ್ಮ ಮನೆಯಿಂದ ಧಾರವಾಡಕ್ಕೆ ಹೋಗಿಬಂದು ಪಿಯುಸಿ ವಿಜ್ಞಾನ ಓದುತ್ತಿದ್ದಳು. ಕಾಲು ನೋವೆಂದಾಗ, ದಿನಾ ಬಸ್ಸಿನಲ್ಲಿ ನಿಂತು ಹೋಗುವುದರಿಂದ ಎಂದುಕೊಂಡೆವು. ಮೊಣಕಾಲಿನ ಬಾವು ಇಳಿಯದೇ ಇದ್ದಾಗ ಅಪ್ಪ ದುರ್ಗದಬೈಲಿನ ಅಂಗಡಿ ಮುಚ್ಚಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಎಲುಬಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಒಳಗೆ ಕರೆದು, ಕ್ಯಾನ್ಸರ್ ಎಂದರು.

"ಆ ಶಬ್ದ ಮನ್ಯಾಗ ಎತ್ತಬ್ಯಾಡ" ಅಂದರು ಅಪ್ಪ. "ಚೀಟಿ ಮ್ಯಾಲಿನ ಉದ್ದನ ಇಂಗ್ಲಿಷ್ ಹೆಸರ ಹೇಳೂಣು. ಯಾರಿಗೆ ತಿಳೀತೈತಿ?"

ಹೊರಗೆ ಬೆಂಚಿನ ಮೇಲಿದ್ದ ತಂಗಿಗೆ ಅಪ್ಪ ತೊದಲುತ್ತಲೇ ಆ ಹೆಸರು ಹೇಳಿದರು. ಆಸ್ಟಿಯೋಸಾರ್ಕೋಮಾ. ಅವಳು ಚೀಟಿ ಇಸಿದುಕೊಂಡು ಓದಿ, ಮಡಚಿ ಕೊಟ್ಟಳು.

ಸಂಜೆ ಹಿತ್ತಲಲ್ಲಿ ನನ್ನೊಬ್ಬಳಿಗೇ ಹೇಳಿದಳು. "ಅಕ್ಕಾ, ಆಸ್ಟಿಯೋ ಅಂದ್ರ ಎಲುಬು. ಸಾರ್ಕ್ ಅಂದ್ರ ಮಾಂಸ. ಓಮಾ ಅಂದ್ರ ಗಡ್ಡಿ. ಉದ್ದನ ಶಬ್ದ ಬಂದ್ರ ಒಡದು ನೋಡ್ರಿ ಅಂತ ನಮ್ಮ ಮೇಡಮ್ ಕಲಿಸ್ಯಾರ."

"ಗಡ್ಡಿ ಭಾಳ ಮಂದಿಗೆ ಆಗತಾವ" ಎಂದೆ.

"ಇದು ಎಂಥಾದ್ದಂತ ನನಗ ಗೊತ್ತೈತಿ. ಅವ್ವಗ ಹೇಳಬ್ಯಾಡ, ಅಷ್ಟ."

ಓಣಿಯವರು ಏನಾಗಿದೆ ಎಂದು ಕೇಳತೊಡಗಿದಾಗ ಅವ್ವ ತಾನೂ ಆ ಹೆಸರು ಕಲಿಯಲು ಕೂತಳು. ತಂಗಿ ಹಾಸಿಗೆಯಲ್ಲೇ ಕೈ ತಟ್ಟುತ್ತ ಹೇಳಿಕೊಟ್ಟಳು.

"ಆಸ್, ಟಿ, ಯೋ, ಸಾರ್, ಕೋ, ಮಾ. ಅವ್ವಾ, ಒತ್ತು ಕೋ ಮ್ಯಾಲೆ. ಬಾಕಿ ಹಗೂರಕ ಅನ್ನು."

ಅವ್ವ ಎಲ್ಲದಕ್ಕೂ ಒತ್ತು ಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ.

ಕಾಲು ತೆಗೆಯಬೇಕಾಗಿ ಬಂತು. ಅವತ್ತು ಅವ್ವನೂ ಜೊತೆಗಿದ್ದಳು. ಡಾಕ್ಟರು ಕನ್ನಡದಲ್ಲಿ ನೇರವಾಗಿಯೇ, ಇದು ಕ್ಯಾನ್ಸರ್ ಎಂದು ಹೇಳಿಬಿಟ್ಟರು. ಅವ್ವ ಅಪ್ಪನ ಕಡೆ ತಿರುಗಿದಳು.

"ಇಷ್ಟ ದಿನಾ ನನ್ನ ಬಾಯಿಲೇ ಅದನ್ನ ಅನಿಸಿದ್ರೇನು?"

ಎಷ್ಟೋ ವಾರ ಅವ್ವ ಅಪ್ಪನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ.

ಆಪರೇಷನ್ ಆದಮೇಲೆ ತಂಗಿಯೇ ಹೇಳಿದಳು, "ಅಪ್ಪನ ಮ್ಯಾಲೆ ಸಿಟ್ಟಾಗಬ್ಯಾಡವ್ವಾ. ನನಗೂ ಗೊತ್ತಿತ್ತು."

ಅವ್ವ ಅವಳ ಉಳಿದ ಕಾಲು ತಿಕ್ಕುತ್ತ ಕೂತಿದ್ದಳು. "ಗೊತ್ತಿದ್ದೂ ನನ್ನ ಕೂಡ ನಕ್ಕೊಂತ ಕುಂತಿದ್ಯಲ್ಲ, ಖೋಡಿ" ಎಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಬೇನೆ ಶ್ವಾಸಕೋಶಕ್ಕೆ ಏರಿತು. ಮುಂದಿನ ಶ್ರಾವಣದಲ್ಲಿ ತಂಗಿ ಹೋದಳು. ಮಣ್ಣು ಮಾಡಿ ಬಂದ ಅಪ್ಪ ಒಳಗೆ ಬರಲಾರದೆ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಒಂದು ಲೋಟ ನೀರು ಒಯ್ದು ಕೊಟ್ಟು, ಅವರ ಪಕ್ಕದಲ್ಲಿ ಕೂತಳು.