ಅಕ್ಕ ತರುತ್ತಿದ್ದ ಪುಸ್ತಕಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನಿಗೆ ‘ಮೌನಿ’ ಅಂತ ಹೆಸರಿಟ್ಟವಳು ಜೊತೆಗೆ ಕೆಲಸ ಮಾಡುವ ಹೆಂಗಸು. ಅವಳಿಗೆ ಉಳಿದವರೆಲ್ಲ ಸೇರಿ ‘ರೇಡಿಯೋ’ ಅಂತ ಹೆಸರಿಟ್ಟಿದ್ದರು. ಒಗೆದು ಹಿಂಡಿದ ಬೆಡ್‌ಶೀಟುಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ತೂರಿಸುವುದು ಇಬ್ಬರ ಕೆಲಸ. ಒಂದು ಮೂಲೆ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಎಳೆದು ಹಿಡಿಯದಿದ್ದರೆ ಬಟ್ಟೆ ಸುಕ್ಕಾಗಿ ಆಚೆ ಬೀಳುತ್ತದೆ. ಇಪ್ಪತ್ತು ವರ್ಷದಲ್ಲಿ ಅವರ ಕೈಗಳು ಎಷ್ಟು ಹೊಂದಿಕೊಂಡಿದ್ದವೆಂದರೆ ಅವಳು ಮಾತು ನಿಲ್ಲಿಸಬೇಕಿರಲಿಲ್ಲ, ಅವನು ಶುರು ಮಾಡಬೇಕಿರಲಿಲ್ಲ.

ಮನೆಗೆ ಹೋದರೆ ಮಾತ್ರ ಮೌನಿಗೂ ಬಾಯಿ ಬರುತ್ತಿತ್ತು. ಮನೆಯಲ್ಲಿದ್ದವಳು ಅವನ ಅಕ್ಕ ಒಬ್ಬಳೇ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ಅಕ್ಕ ಚಪ್ಪಲಿ ಅಂಗಡಿಯಲ್ಲಿ ದುಡಿದು ತಮ್ಮನನ್ನು ಓದಿಸಿದಳು. ಆಮೇಲೆ ಇಬ್ಬರಿಗೂ ಮದುವೆ ಅನ್ನುವುದು ಹೇಗೋ ತಪ್ಪಿಹೋಯಿತು. ಅದರ ಬಗ್ಗೆ ಇಬ್ಬರೂ ತಲೆಕೆಡಿಸಿಕೊಳ್ಳಲೂ ಇಲ್ಲ, ಏಕೆಂದರೆ ಸಂಜೆಯಾದರೆ ಪುಸ್ತಕವಿತ್ತು. ಅಕ್ಕ ಅಂಗಡಿಯಿಂದ ಬರುವ ದಾರಿಯಲ್ಲಿ ಗ್ರಂಥಾಲಯಕ್ಕೆ ಹೋಗಿ ಚೀಲ ತುಂಬ ತರುತ್ತಿದ್ದಳು. ಅವಳು ಓದಿ ಕೊಟ್ಟಿದ್ದನ್ನು ಅವನು ಓದುತ್ತಿದ್ದ. ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಅವನು.

ಅವರಿಗೆ ಮೆಚ್ಚಿನವರು ಮೂವರು. ಕೊಲೆಗಳ ಕಥೆ ಬರೆದವನನ್ನು ಅವರು ‘ಇನ್ಸ್‌ಪೆಕ್ಟರ್’ ಅನ್ನುತ್ತಿದ್ದರು. ಸಂಸಾರದ ಒಳಜಗಳಗಳನ್ನು ಬರೆದವಳು ‘ಡಾಕ್ಟರಮ್ಮ’. ಸಮುದ್ರಯಾನದ ಕಥೆಗಳವನು ‘ಹಡಗಿನವನು’. ಮೂವರೂ ನೆಂಟರಿಷ್ಟರ ಹಾಗೆ ಮನೆಯಲ್ಲಿ ಓಡಾಡಿಕೊಂಡಿದ್ದರು.

“ನಮ್ಮ ಬೀದಿ ನಲ್ಲಿ ಕದ್ದವನನ್ನ ಇನ್ಸ್‌ಪೆಕ್ಟರ್ ಆಗಿದ್ರೆ ಒಂದೇ ದಿನಕ್ಕೆ ಹಿಡೀತಿದ್ದ ಕಣೋ,” ಅನ್ನುತ್ತಿದ್ದಳು ಅಕ್ಕ.

“ಹಿಡೀತಿದ್ದ. ಆದ್ರೆ ಅಷ್ಟರಲ್ಲಿ ಇನ್ನೂ ಎರಡು ನಲ್ಲಿ ಹೋಗಿರ್ತಿತ್ತು.”

ಹೀಗೇ ಇರುತ್ತಿದ್ದರೇನೋ. ಆದರೆ ಅಕ್ಕನಿಗೆ ಐವತ್ತೈದು ತುಂಬಿದ ವರ್ಷ ಬಸ್ಸಿನ ಟಿಕೆಟ್ ತನಿಖೆ ಮಾಡುವ ಒಬ್ಬರು ಅಂಗಡಿಗೆ ಬಂದು ಶೂ ಕೊಂಡರು. ಅದೇ ತಿಂಗಳು ಮತ್ತೊಂದು ಜೊತೆ ಕೊಂಡರು. ಮೂರನೇ ಜೊತೆಗೆ ಬಂದಾಗ, ಎರಡೇ ಕಾಲಿನ ಮನುಷ್ಯನಿಗೆ ಇಷ್ಟೊಂದು ಶೂ ಯಾಕೆ ಎಂದು ಇಡೀ ಅಂಗಡಿಗೆ ಅರ್ಥವಾಯಿತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಮೃದು ಸ್ವಭಾವದ ಮನುಷ್ಯ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಯಾಗಿ ತಮ್ಮನೇ ಸಹಿ ಹಾಕಿದ. ಅಕ್ಕ ಊರಿನ ಇನ್ನೊಂದು ತುದಿಯ ಮನೆಗೆ ಹೊರಟುಹೋದಳು.

ಅದು ದುಃಖಪಡುವ ವಿಷಯವಲ್ಲ. ಹಾಗಾಗಿ ಅವನು ದುಃಖಪಡಲಿಲ್ಲ. ಖುಷಿ ಪಡಬೇಕಿತ್ತು, ಅದೂ ಬರಲಿಲ್ಲ. ಬಿಸಿ ತುಪ್ಪವಾಗಿದ್ದರೆ ನುಂಗಲೂ ಆಗದು, ಉಗುಳಲೂ ಆಗದು ಅನ್ನಬಹುದಿತ್ತು. ಅವನಿಗೆ ಬಿಸಿಯೇ ತಾಗಲಿಲ್ಲ. ಕಾಲಿಗೆ ಜೋಮು ಹಿಡಿದಾಗ ನೋವೂ ಇರುವುದಿಲ್ಲ, ಕಾಲೂ ಇರುವುದಿಲ್ಲ. ಅವನಿಗೆ ಇಡೀ ಮೈಗೆ ಹಾಗಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದ, ಶೀಟು ಹಿಡಿಯುತ್ತಿದ್ದ, ಬಂದು ಅಡುಗೆ ಮಾಡಿ ತಿನ್ನುತ್ತಿದ್ದ. ಉಪ್ಪು ಹಾಕಿದ್ದನೋ ಇಲ್ಲವೋ ತಿಂದ ಮೇಲೂ ಗೊತ್ತಾಗುತ್ತಿರಲಿಲ್ಲ.

ಅಕ್ಕ ಹೋಗುವಾಗ ಮೇಜಿನ ಮೇಲೆ ಹಡಗಿನವನ ಕೊನೆಯ ಪುಸ್ತಕ ಬಿಟ್ಟುಹೋಗಿದ್ದಳು. ಅದನ್ನು ಎಳೆದೆಳೆದು ಓದಿದ. ಕೊನೆಯ ಪುಟವೂ ಬಂತು. ಮೆಚ್ಚಿನ ಆ ಮೂವರೂ ಸತ್ತು ಬಹಳ ವರ್ಷವಾಗಿತ್ತು, ಇನ್ನು ಅವರಿಂದ ಒಂದು ಸಾಲೂ ಬರುವಂತಿರಲಿಲ್ಲ. ಹಳೆಯದನ್ನೇ ತಿರುಗಿ ಹಿಡಿದ. ಇನ್ಸ್‌ಪೆಕ್ಟರ್ ಬಾಗಿಲು ತಟ್ಟುವ ಮೊದಲೇ ಕೊಲೆಗಾರ ಯಾರೆಂದು ಅವನಿಗೆ ಗೊತ್ತಿತ್ತು.

ಕೊನೆಗೆ ತಾನೇ ಗ್ರಂಥಾಲಯಕ್ಕೆ ಹೋದ. ಅಷ್ಟು ವರ್ಷ ಪುಸ್ತಕ ಓದಿದವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಯಾವ ಥರದ್ದು ಬೇಕು?” ಅಂದರು ಅಲ್ಲಿದ್ದ ಮೇಡಂ.

“ಚೆನ್ನಾಗಿರೋದು.”

“ಎಲ್ಲರೂ ಅದನ್ನೇ ಕೇಳ್ತಾರೆ,” ಎಂದು ನಕ್ಕು, ಬಹುಮಾನ ಬಂದ ಒಂದು ಪುಸ್ತಕ ಕೊಟ್ಟರು. ಅದರಲ್ಲಿ ಒಬ್ಬ ಮನುಷ್ಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಮೌನಿ ಅರ್ಧ ಪುಸ್ತಕ ದಾಟಿದರೂ ಆತ ಕಿಟಕಿ ಬಿಟ್ಟು ಅಲುಗಲಿಲ್ಲ.

“ಹೇಗಿತ್ತು?” ವಾಪಸ್ ಕೊಡುವಾಗ ಮೇಡಂ ಕೇಳಿದರು.

“ಇತ್ತು,” ಅಂದ ಅವನು.

ಆಮೇಲೆ ತಂದದ್ದು ರಾಜರಾಣಿಯರ ಕಥೆ. ಯಾರು ಯಾರ ಮಗ ಅಂತ ನೆನಪಿಡುವುದರಲ್ಲೇ ಸುಸ್ತಾಯಿತು. ರೇಡಿಯೋ ಕೂಡ ಕನಿಕರಪಟ್ಟು ತನ್ನ ಮಗಳ ಪುಸ್ತಕವೊಂದನ್ನು ತಂದುಕೊಟ್ಟಳು. ಬದುಕಿನಲ್ಲಿ ಗೆಲ್ಲುವುದು ಹೇಗೆ ಅನ್ನುವುದು ಅದರ ವಿಷಯ.

“ಓದಿದ್ಯಾ?” ಎರಡು ದಿನ ಬಿಟ್ಟು ಕೇಳಿದಳು.

“ಗೆಲ್ಲಬೇಕಾದ್ರೆ ಬೆಳಗ್ಗೆ ಐದಕ್ಕೆ ಏಳಿ ಅಂತ ಬರೆದಿದೆ.”

“ಅಯ್ಯೋ! ನಾವು ನಾಲ್ಕಕ್ಕೇ ಏಳ್ತೀವಲ್ಲೋ! ಇಷ್ಟು ಹೊತ್ತಿಗೆ ಎಷ್ಟು ಗೆದ್ದಿರಬೇಕಿತ್ತು!”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಇದು ನಗುವ ಮಾತು ಅನ್ನುವುದು ತಿಳಿಯಿತು, ನಗು ಮಾತ್ರ ಬರಲಿಲ್ಲ.

ಅಲ್ಲಿಗೆ ಓದು ನಿಂತಿತು. ಸಂಜೆ ಸುಮ್ಮನೆ ಕೂರುತ್ತಿದ್ದ. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಅಳುವುದು, ಯಾರೋ ಬೈಯುವುದು ಗೋಡೆಯ ಮೂಲಕ ಕೇಳುತ್ತಿತ್ತು. ಬೇಜಾರು ಅಂತ ಕೂಡ ಅನ್ನಿಸುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು.

“ಏನು ಓದ್ತಿದ್ದೀಯ?”

“ಏನೂ ಇಲ್ಲ.”

“ಯಾಕೋ?”

“ಒಂದೂ ಚೆನ್ನಾಗಿಲ್ಲ ಅಕ್ಕ. ನೀನು ತರ್ತಿದ್ದಿದ್ದು ಎಲ್ಲಾ ಚೆನ್ನಾಗಿರ್ತಿತ್ತು. ನೀನು ಹೇಗೆ ಆರಿಸ್ತಿದ್ದೆ, ಅದನ್ನಾದ್ರೂ ಹೇಳು.”

ಆ ಕಡೆ ಅಕ್ಕ ಜೋರಾಗಿ ನಕ್ಕಳು. “ಆರಿಸೋದಾ? ನನಗೇನು ಗೊತ್ತಿತ್ತು ಮಣ್ಣು! ಕೈಗೆ ಸಿಕ್ಕಿದ್ದು ಬಾಚಿಕೊಂಡು ಬರ್ತಿದ್ದೆ. ಹತ್ತು ತಂದ್ರೆ ಎಂಟು ದರಿದ್ರ. ಅವನ್ನೆಲ್ಲ ನಾನೇ ಓದಿ ಹಾಗೇ ವಾಪಸ್ ಹಾಕ್ತಿದ್ದೆ. ಉಳಿದ ಎರಡು ನಿನ್ನ ಕೈಗೆ ಬರ್ತಿತ್ತು.”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಇದ್ದೀಯೇನೋ?”

“ಇದ್ದೀನಿ. ಅಷ್ಟು ಕೆಟ್ಟದ್ದು ಯಾಕೆ ಓದ್ತಿದ್ದೆ?”

“ನೀನು ದಿನವಿಡೀ ಆ ಉರುಳೆ ಮುಂದೆ ಬೆಂದು ಬರ್ತಿದ್ದೆ. ಮನೆಗೆ ಬಂದ ಮೇಲೂ ಕೆಟ್ಟ ಪುಸ್ತಕ ಯಾಕೆ ಅಂತ. ಅಷ್ಟೇ. ಮೂವರು ಮೆಚ್ಚಿನವರು ಸಿಗೋದಕ್ಕೆ ಎಷ್ಟು ಕಸ ಅಗೆದೆನೋ ದೇವರಿಗೇ ಗೊತ್ತು.”

“ಈಗ ನೀನು ಏನು ಓದ್ತಿದ್ದೀಯ?”

ಅಕ್ಕ ದನಿ ಇಳಿಸಿದಳು. “ಓದ್ತಿಲ್ಲ ಕಣೋ. ಹೊಸ ಮನೆ. ಅವರು ಎದುರಿಗೆ ಕೂತಿರ್ತಾರೆ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡ್ರೆ ಏನಂದುಕೊಂಡಾರು?”

ಫೋನ್ ಇಟ್ಟ ಮೇಲೆ ಅವನು ಸ್ವಲ್ಪ ಹೊತ್ತು ಮೇಜಿನ ಆ ತುದಿಯನ್ನು ನೋಡಿದ. ಅಳು ಬರಬೇಕಾದ ಜಾಗ ಅದು. ಬರಲಿಲ್ಲ. ಎದ್ದು ಚೀಲ ತೆಗೆದುಕೊಂಡು ಗ್ರಂಥಾಲಯದ ಕಡೆ ಹೊರಟ. ಬೀದಿ ತುದಿಗೆ ಹೋದ ಮೇಲೆ ಭಾನುವಾರ ರಜೆ ಎಂದು ನೆನಪಾಗಿ ವಾಪಸ್ ಬಂದ. ಸೋಮವಾರ ಹೋದ.

ಈ ಸಲ ಮೇಡಂ ಹತ್ತಿರ ಏನೂ ಕೇಳಲಿಲ್ಲ. ಒಂದು ಕಪಾಟಿನ ಮುಂದೆ ನಿಂತು ಕೈಗೆ ಸಿಕ್ಕಿದ್ದು ಚೀಲಕ್ಕೆ ಹಾಕಿದ. ಮೊದಲಿನದು ಕೆಟ್ಟದಾಗಿತ್ತು. ಎರಡನೆಯದರಲ್ಲಿ ನಾಯಕಿ ಮಾತೆತ್ತಿದರೆ ಮೂರ್ಛೆ ಹೋಗುತ್ತಿದ್ದಳು. ಹಿಂದಾಗಿದ್ದರೆ ಅಲ್ಲಿಗೇ ಓದು ನಿಲ್ಲಿಸಿಬಿಡುತ್ತಿದ್ದ. ಈಗ ‘ಎಂಟರಲ್ಲಿ ಇದೊಂದು’ ಅಂದುಕೊಂಡು ಪಕ್ಕಕ್ಕಿಟ್ಟು ಇನ್ನೊಂದು ತೆಗೆಯುತ್ತಿದ್ದ. ಕೆಲವನ್ನು ಹತ್ತೇ ಪುಟಕ್ಕೆ ಬಿಟ್ಟ, ಕೆಲವನ್ನು ಮರ್ಯಾದೆಗೆ ಮುಗಿಸಿದ. ಮೇಡಂ ಪ್ರತಿಸಲ “ಹೇಗಿತ್ತು?” ಅನ್ನುತ್ತಿದ್ದರು, ಅವನು ಪ್ರತಿಸಲ “ಇತ್ತು” ಅನ್ನುತ್ತಿದ್ದ. ವಾರಗಳು ಹೀಗೇ ಹೋದವು. ಸುಖವಿರಲಿಲ್ಲ, ಆದರೆ ಸಂಜೆಗೊಂದು ಕೆಲಸವಿತ್ತು.

ಹಾಗೆ ಸಿಕ್ಕಿದ್ದು ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ. ಬರೆದವರ ಹೆಸರು ಅವನು ಕೇಳಿಯೇ ಇರಲಿಲ್ಲ. ನಡುವಿನ ಗೋಡೆಗಾಗಿ ನಲವತ್ತು ವರ್ಷ ಮಾತು ಬಿಟ್ಟ ಇಬ್ಬರು ನೆರೆಯವರ ಕಥೆ. ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟೆ ಗಂಟಿನ ಮೇಲೆ ಕೂತು ಓದುತ್ತಿದ್ದ. ಒಬ್ಬ ದಿನಾ ಬೆಳಗ್ಗೆ ಇನ್ನೊಬ್ಬನ ನಾಯಿಗೆ ಟೋಪಿ ತೆಗೆದು ನಮಸ್ಕಾರ ಹೇಳುತ್ತಾನೆ, ಪಕ್ಕದಲ್ಲೇ ನಿಂತ ಮಾಲೀಕನಿಗೆ ಹೇಳುವುದಿಲ್ಲ. ಮಾಲೀಕ ನಾಯಿಗೆ ಹೇಳುತ್ತಾನೆ: “ನೀನಾದರೂ ತಿರುಗಿ ಹೇಳು, ನಮ್ಮ ಮನೆಯವರು ಮರ್ಯಾದೆಗೆಟ್ಟವರು ಅಂದಾರು.” ಅಲ್ಲಿ ಅವನ ಗಂಟಲಿನಿಂದ ಏನೋ ಸದ್ದು ಬಂತು.

ರೇಡಿಯೋ ತಿರುಗಿ ನೋಡಿದಳು. “ಕೆಮ್ಮಾ?”

“ಅಲ್ಲ. ನಕ್ಕೆ.”

ಅವಳು ಒಂದು ನಿಮಿಷ ಬಾಯಿ ಮುಚ್ಚಿ ಕೂತಳು. ಲಾಂಡ್ರಿಯಲ್ಲಿ ಅದು ಸಣ್ಣ ಘಟನೆಯಲ್ಲ.

ಪುಸ್ತಕ ಮುಗಿದ ಶನಿವಾರ ಅದನ್ನು ತೆಗೆದುಕೊಂಡು ಅಕ್ಕನ ಮನೆಗೆ ಹೋದ. ಬಾಗಿಲು ತೆಗೆದವರು ಭಾವ. ಅಕ್ಕ ಟೀ ತಂದಿಟ್ಟು ಎದುರಿಗೆ ಕೂತಳು. ಅವನು ಪುಸ್ತಕ ಅವಳ ಮಡಿಲಿಗೆ ಹಾಕಿದ.

“ಚೆನ್ನಾಗಿದೆಯಾ?”

“ಓದು.”

“ಎಷ್ಟು ಕಸ ಅಗೆದೆ?”

“ಸುಮಾರು.”

ಅಕ್ಕ ಗಂಡನ ಕಡೆ ಒಮ್ಮೆ ನೋಡಿ, ಸುಮ್ಮನೆ ನೋಡುವವಳ ಹಾಗೆ ಮೊದಲ ಪುಟ ತೆರೆದಳು. ಎರಡನೆಯದು ತಿರುವಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಾಲು ಕುರ್ಚಿಯ ಮೇಲೆ ಹೋಗಿತ್ತು, ಅವಳ ಟೀ ಆರುತ್ತಿತ್ತು. ಭಾವ ಏನೋ ಕೇಳಿದರು. ಅವಳಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಮೌನಿಯ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಇವಳು ಹೀಗೇನಾ?”

“ಹೀಗೇ ಭಾವ. ಊಟಕ್ಕೆ ಕರೀಬೇಡಿ, ಬರಲ್ಲ. ತಟ್ಟೆ ತಂದು ಪಕ್ಕದಲ್ಲಿ ಇಟ್ಟುಬಿಡಿ, ತಿಂತಾಳೆ.”

ಭಾವ ತಲೆಯಾಡಿಸಿದರು. ಬೇಸರವೇನೂ ಕಾಣಲಿಲ್ಲ. ಎದ್ದು ಹೋಗಿ ಅವಳ ತಲೆಯ ಮೇಲಿನ ದೀಪ ಹಾಕಿ ಬಂದರು.

ಮೌನಿ ತನ್ನ ಟೀ ಕುಡಿದ. ಸಕ್ಕರೆ ಜಾಸ್ತಿಯಾಗಿತ್ತು.